ಮಣಿಪಾಲವನ್ನು ಉಡುಪಿಯಿಂದಲೇ ನೋಡಬೇಕು

ಮಣಿಪಾಲವೆಂದರೆ ಕಾಲೇಜು, ಆಸ್ಪತ್ರೆ, ಹಾಸ್ಟೆಲು. ಸಂಸ್ಕೃತಿ ಬೇಕಿದ್ದರೆ ಗುಡ್ಡ ಇಳಿದು ಉಡುಪಿಗೆ ಹೋಗಬೇಕು ಎಂಬ ಮಾತು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಹೊರಗಿನಿಂದ ಓದಲು ಬಂದವರು ಟೈಗರ್ ಸರ್ಕಲ್ಲಿನ ಆಸುಪಾಸನ್ನೇ ಊರೆಂದು ತಿಳಿಯುತ್ತಾರೆ. ರಥಬೀದಿಗೆ ಬರುವ ಯಾತ್ರಿಕರು ಕೃಷ್ಣನ ದರ್ಶನ ಮುಗಿಸಿ ಮಲ್ಪೆಯ ಕಡೆ ಹೊರಡುತ್ತಾರೆ. ಇಬ್ಬರ ಕಣ್ಣಿಗೂ ಇವು ಎರಡು ಬೇರೆ ಊರುಗಳು. ಈ ವಿಂಗಡಣೆಯೇ ತಪ್ಪು. ಮಣಿಪಾಲ ಉಡುಪಿಯ ಒಂದು ಕೇರಿ. ಇಲ್ಲಿನ ಹಳೆಯ ಅಭ್ಯಾಸವೊಂದು ಗುಡ್ಡ ಹತ್ತಿ ಕಟ್ಟಿಕೊಂಡ ಹೊಸ ಕೇರಿ. ಆ ಅಭ್ಯಾಸ ಯಾವುದೆಂದು ಅರಿತರೆ ಎರಡೂ ಕಡೆಯ ಬೀದಿಗಳು ಬೇರೆಯಾಗಿ ಕಾಣತೊಡಗುತ್ತವೆ.

ಮನೆಮನೆಯ ಚಿಕ್ಕ ಪಾಲನ್ನು ಒಟ್ಟುಮಾಡಿ ದೊಡ್ಡದನ್ನು ನಿಲ್ಲಿಸುವುದೇ ಆ ಅಭ್ಯಾಸ. ಉಡುಪಿಯ ಪರ್ಯಾಯದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೃಷ್ಣನ ಪೂಜಾಧಿಕಾರ ದಾಟುತ್ತದೆ. ಅದಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಎರಡು ವರ್ಷದ ಅನ್ನದಾನಕ್ಕೆ ಬೇಕಾದ ಸೌದೆಯನ್ನು ರಥದ ಆಕಾರದಲ್ಲಿ ಸೀಳು ಸೀಳಾಗಿ ಜೋಡಿಸುತ್ತಾರೆ. ಸುತ್ತಲಿನ ಊರುಗಳಿಂದ ಅಕ್ಕಿ, ತೆಂಗಿನಕಾಯಿ, ತರಕಾರಿಯ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬರುತ್ತದೆ. ಕಾಪು ಕಡೆಯ ಮಟ್ಟು ಗ್ರಾಮದ ಗುಳ್ಳ ಮಠದ ಅಡುಗೆಯಲ್ಲಿ ಇಂದಿಗೂ ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ. ರಥಬೀದಿಯ ವೈಭವದ ಹಿಂದಿರುವುದು ಗದ್ದೆ, ತೋಟ, ಕಡಲತಡಿಯ ಸಾಧಾರಣ ಮನೆಗಳ ಪಾಲು.

ಇದೇ ಕ್ರಮ 20ನೇ ಶತಮಾನದಲ್ಲಿ ಬ್ಯಾಂಕಿನ ರೂಪ ಪಡೆಯಿತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಉಡುಪಿಯಲ್ಲಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಪೈ, ವಾಮನ ಕುಡ್ವ ಅವರು ಇಲ್ಲಿಯೇ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಆರಂಭದ ಬಂಡವಾಳ 8,000 ರೂಪಾಯಿ. ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶಗಳಲ್ಲೊಂದು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರೇ ದಿನವೂ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸಿ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಹೊಸ್ತಿಲಿಗೆ ಬ್ಯಾಂಕೇ ಬಂತು. ಇದನ್ನು ಕಟ್ಟಿದ ಕೈಗಳೇ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ನನ್ನು, 1953ರಲ್ಲಿ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಕಟ್ಟಿದವು. ಸರಕಾರದ ದಾರಿ ಕಾಯದೆ, ಓದುವವರ ಶುಲ್ಕದಿಂದಲೇ ವೈದ್ಯಕೀಯ ಕಾಲೇಜು ನಡೆಸಬಹುದೆಂದು ನಂಬುವ ಎದೆಗಾರಿಕೆ ಈ ಹಿನ್ನೆಲೆಯಿಂದ ಬಂದದ್ದು.

ಗುಡ್ಡ ಪಡೆದದ್ದನ್ನು ಮರಳಿಸಿಯೂ ಇದೆ. ಕುಂಜಿಬೆಟ್ಟಿನ ಎಂ.ಜಿ.ಎಂ. ಕಾಲೇಜು 1949ರಲ್ಲಿ ಇದೇ ಅಕಾಡೆಮಿಯಿಂದ ಹುಟ್ಟಿತು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಕಾಲದಲ್ಲಿ ಅದು ಜಾನಪದ, ಸಾಹಿತ್ಯ ಸಂಶೋಧನೆಯ ನೆಲೆಯಾಯಿತು. ರಾಷ್ಟ್ರಕವಿ ಗೋವಿಂದ ಪೈ ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿಯೇ ಇದೆ. 1971ರಲ್ಲಿ ಭಟ್ಟರೂ ಶಿವರಾಮ ಕಾರಂತರೂ ಜೊತೆಗೂಡಿ ನಡೆಸಿದ ಪ್ರಯತ್ನದಿಂದ ಯಕ್ಷಗಾನ ಕೇಂದ್ರ ಬಂತು. ಅಲ್ಲಿ ಹುಡುಗರು ವಾಸವಿದ್ದು, ಶಾಲೆಯ ಓದಿನ ಜೊತೆಗೇ ಬಡಗುತಿಟ್ಟಿನ ಹೆಜ್ಜೆ, ತಾಳ, ಮಾತುಗಾರಿಕೆ ಕಲಿಯುತ್ತಾರೆ. ತಂತ್ರಜ್ಞಾನಕ್ಕೆ ಹೆಸರಾದ ಮಣಿಪಾಲದ ವಿಶ್ವವಿದ್ಯಾಲಯ ಯಕ್ಷಗಾನದ ಗುರುಕುಲವನ್ನೂ ಸಾಕುತ್ತಿದೆ ಎಂಬುದು ಕ್ಯಾಂಪಸ್ಸಿನ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ಮಣಿಪಾಲದಲ್ಲಿರುವುದು ತಂದು ಜೋಡಿಸಿದ ಸಂಸ್ಕೃತಿ, ಬದುಕಿ ಬೆಳೆದದ್ದಲ್ಲ ಎಂಬುದು ಮೊದಲನೆಯದು. ಇದನ್ನು ಹೇಳುವವರು ಮಣ್ಣಪಳ್ಳ ಕೆರೆಯ ಸಮೀಪದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ತೋರಿಸುತ್ತಾರೆ. ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಕಂಬ, ಜಂತಿ, ಬಾಗಿಲುಗಳ ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆಯಿಂದ ಮುಧೋಳ ಅರಮನೆಯ ದರ್ಬಾರಿನವರೆಗೆ ಅಲ್ಲಿದೆ. ಆ ಮನೆಗಳಲ್ಲಿ ಈಗ ಸಂಸಾರವಿಲ್ಲ, ಒಲೆ ಉರಿಯುವುದಿಲ್ಲ ಎಂಬುದು ನಿಜ. ಆದರೆ ಅವು ತಮ್ಮ ಊರುಗಳಲ್ಲೇ ಉಳಿದಿದ್ದರೆ ಇಂದಿಗೆ ಸೌದೆಯಾಗಿರುತ್ತಿದ್ದವು. ಚೌಕಿ ಮನೆಯ ಅಂಗಳದಲ್ಲಿ ಬೆಳಕು ಬೀಳುವ ರೀತಿ, ಮಳೆನೀರು ಹರಿದುಹೋಗುವ ವ್ಯವಸ್ಥೆ, ಹಲಸಿನ ಕಂಬದ ಗಾತ್ರ ಇವನ್ನು ಪುಸ್ತಕದಿಂದ ಕಲಿಯಲಾಗದು. ಮನೆ ಅಳಿದರೂ ಕಟ್ಟುವ ಜ್ಞಾನ ಉಳಿಯಲಿ ಎಂದು ಮಾಡಿದ ಕೆಲಸವನ್ನು ಕೃತಕವೆಂದು ತಳ್ಳಿಹಾಕುವುದು ಅನ್ಯಾಯ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಎರಡಾಣೆ ಕೊಟ್ಟವರ ಮೊಮ್ಮಕ್ಕಳಿಗೆ ಇಲ್ಲಿನ ಶುಲ್ಕ ಎಟಕುವುದಿಲ್ಲ. ಓದಲು ಬಂದವರಿಗೆ ತುಳುವೂ ತಿಳಿಯದು, ಕನ್ನಡವೂ ತಿಳಿಯದು. ಹಾಗಿರುವಾಗ ಇದು ನಮ್ಮ ಕೇರಿ ಹೇಗಾದೀತು? ಈ ನೋವನ್ನು ಅಲ್ಲಗಳೆಯಲಾಗದು. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡ ಮೇಲೆ ಆ ಹಳೆಯ ನಂಟಿನ ಹೆಸರೂ ಫಲಕಗಳಿಂದ ಮರೆಯಾಯಿತು. ಆದರೆ ನಂಟು ಪೂರ್ತಿ ಕಡಿದಿಲ್ಲ. ಕಸ್ತೂರ್ಬಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕರಾವಳಿಯವರ ಜೊತೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಜನರೂ ಸಾಲಿನಲ್ಲಿ ಕೂತಿರುತ್ತಾರೆ. ಹಿರಿಯಡ್ಕ ಬಳಿಯ ಬಜೆಯಲ್ಲಿ ತಡೆದ ಸ್ವರ್ಣಾ ನದಿಯ ನೀರನ್ನೇ ರಥಬೀದಿಯೂ ಹಾಸ್ಟೆಲೂ ಕುಡಿಯುತ್ತವೆ. ಬೇಸಿಗೆಯಲ್ಲಿ ಆ ನೀರು ತಳ ಕಂಡರೆ ಸಂಕಟ ಇಬ್ಬರಿಗೂ ಒಂದೇ. ಇದು ತಮ್ಮ ಕೇರಿ ಎಂಬ ಹಕ್ಕಿನಿಂದಲೇ ಊರಿನವರು ಶುಲ್ಕದ, ನೀರಿನ ಪ್ರಶ್ನೆಗಳನ್ನು ಕೇಳಬಹುದು. ದ್ವೀಪವೆಂದು ಬಿಟ್ಟುಕೊಟ್ಟರೆ ಆ ಹಕ್ಕೂ ಹೋಗುತ್ತದೆ.

ಹಾಗಾಗಿ ಈ ಊರನ್ನು ನೋಡುವ ಸರಿಯಾದ ದಾರಿ ಎಂದರೆ ರಥಬೀದಿಯಿಂದ ಹೊರಟು ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿಯ ಮೂಲಕ ಗುಡ್ಡ ಹತ್ತುವ ಆ ನಾಲ್ಕೈದು ಕಿಲೋಮೀಟರು. ಮಠದ ಅಡುಗೆಮನೆ, ಕಡಿಯಾಳಿಯ ಮಹಿಷಮರ್ದಿನಿ ದೇವಳ, ಎಂ.ಜಿ.ಎಂ. ಕಾಲೇಜು, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲವೂ ಈ ಒಂದೇ ದಾರಿಯಲ್ಲಿ ಅಥವಾ ಅದರ ಸಮೀಪದಲ್ಲಿವೆ. ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಪ್ರಯೋಗಾಲಯ ತೋರಿಸುವ ವಾರದಲ್ಲೇ ಈ ದಾರಿಯಲ್ಲೂ ಒಮ್ಮೆ ನಡೆಸಲಿ, ನಾಲ್ಕು ಮಾತು ತುಳು ಕಲಿಸಲಿ. ಊರಿನ ಶಾಲೆಗಳೂ ಮಕ್ಕಳನ್ನು ಮೇಲಿನ ಅಂಗರಚನಾ ಸಂಗ್ರಹಾಲಯಕ್ಕೆ, ಹಸ್ತಶಿಲ್ಪಕ್ಕೆ ಕರೆದೊಯ್ಯಲಿ. ಊರನ್ನು ಒಟ್ಟಾಗಿ ಕಟ್ಟಿದ ಜನರ ಮಕ್ಕಳು ಅದನ್ನು ಒಟ್ಟಾಗಿ ತಿಳಿಯುವುದು ಕಷ್ಟದ ಕೆಲಸವೇನಲ್ಲ. ಅದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ.