ಕಮಿಷನರರ ಐವತ್ತು ವರ್ಷಗಳು

ಅಮೆರಿಕೆಯ ವರ್ಜೀನಿಯದಲ್ಲಿ 1607ರಲ್ಲಿ ನೆಲೆಯೂರಿದ ಆಂಗ್ಲರಿಗೆ 1619ರಲ್ಲೇ ಪ್ರತಿನಿಧಿಗಳ ಸಭೆ ದೊರೆಯಿತು. (ಅದೇ ವರ್ಷ ಆಫ್ರಿಕದ ಬಂದಿಗಳನ್ನು ಅಲ್ಲಿಗೆ ತಂದು ಮಾರಿದರೆಂಬುದು ಬೇರೆ ಮಾತು.) 1831ರಲ್ಲಿ ನಗರದ ದಂಗೆಯ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಆಂಗ್ಲರು ವಹಿಸಿಕೊಂಡಾಗ ನಮ್ಮವರಿಗೆ ದೊರೆತವರು ಕಮಿಷನರರು.

1834ರಿಂದ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ನರು ಸಮರ್ಥರೇ ಸರಿ. ರಸ್ತೆಗಳನ್ನು ಹಾಕಿಸಿದರು, ನೂರಾರು ಚಿಲ್ಲರೆ ತೆರಿಗೆಗಳನ್ನು ತೆಗೆದರು, ಹಳೆಯ ಅಮಲ್ದಾರರ ಪದ್ಧತಿಯನ್ನು ಉಳಿಸಿಕೊಂಡರು. 1862ರಲ್ಲಿ ಬಂದ ಬೌರಿಂಗರು ಜಿಲ್ಲೆಗಳನ್ನು ಏರ್ಪಡಿಸಿದರು. ಆದರೆ ನಮ್ಮ ದಂಡಿಗನಹಳ್ಳಿಯ ರೈತನಿಗೆ ಅರ್ಜಿ ಹಾಕುವುದೊಂದೇ ದಾರಿ. ಅವನ ಮಾತನ್ನಾಡುವವರನ್ನು ಯಾವ ಸಭೆಗೂ ಕರೆಯುತ್ತಿರಲಿಲ್ಲ. ವರ್ಜೀನಿಯದವರು ಆಂಗ್ಲರ ಸ್ವಂತ ಜನ, ನಾವು ಆಳಿಸಿಕೊಳ್ಳುವವರು. ವ್ಯತ್ಯಾಸಕ್ಕೆ ಬೇರೆ ಕಾರಣ ನನಗೆ ಕಾಣದು.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆಯೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಬಂದವರು 144 ಮಂದಿ, ಹೆಚ್ಚಾಗಿ ಜಮೀನುದಾರರು, ವರ್ತಕರು.