ನಂದಿ ಬೆಟ್ಟದ ಬುಡದಲ್ಲಿ ಅಪ್ಪನ ಸ್ಟೇಷನ್

ಜಯನಗರ, ಜೆ.ಪಿ. ನಗರದ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ನಂದಿ ಬೆಟ್ಟ ಅಂದ್ರೆ ನಸುಕಿನಲ್ಲೇ ಕಾರು ಹತ್ತೋದು, ಸೂರ್ಯೋದಯದ ಫೋಟೊ, ವಾಪಸ್ ಬರ್ತಾ ಇಡ್ಲಿ-ವಡೆ. ಹತ್ತಾರು ಸಲ ಹೋಗಿದ್ದೇನೆ. ಬೆಟ್ಟದ ಬುಡದ ನಂದಿ ಹಾಲ್ಟ್ ಸ್ಟೇಷನ್ ನೋಡಿದ್ದು ಮಾತ್ರ ಮೊನ್ನೆ, ಅದೂ ಅಪ್ಪ ಹಟ ಹಿಡಿದಿದ್ದಕ್ಕೆ.

"ಚಿಕ್ಕವನಿದ್ದಾಗ ನಾನಿಲ್ಲಿಗೆ ಬಂದಿದ್ದು ಸಣ್ಣ ರೈಲಲ್ಲಿ ಕಣೋ" ಅಂದರು.

ನಿಜಕ್ಕೂ ಸಣ್ಣದೇ. ಬೆಂಗಳೂರು–ಚಿಕ್ಕಬಳ್ಳಾಪುರ ನಡುವೆ 1915ರಲ್ಲಿ ಶುರುವಾದ ಈ ನ್ಯಾರೋಗೇಜ್ ಮಾರ್ಗದಲ್ಲಿ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ಈಗಿನ ಬ್ರಾಡ್‌ಗೇಜ್‌ನದು ಐದೂವರೆ ಅಡಿ. 1990ರ ದಶಕದಲ್ಲಿ ಹಳಿ ಬದಲಾಯಿತು. ಹಳೇ ಕಟ್ಟಡಗಳು ಮಾತ್ರ ನಿಂತಲ್ಲೇ ನಿಂತು ಪಾಳುಬಿದ್ದವು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಈ ನಾಲ್ಕನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆಯ ಜತೆ ಸೇರಿ ದುರಸ್ತಿ ಮಾಡಿಸಿದೆ.

ಕಮಾನು, ಗೋಪುರ ಅಂತ ಹುಡುಕಬೇಡಿ. ದಪ್ಪ ಗೋಡೆ, ಇಳಿಜಾರು ಹೆಂಚಿನ ಮಾಡು, ಸುತ್ತ ದೊಡ್ಡ ಮರಗಳು. ಬಿಸಿಲು-ಮಳೆಗೆ ಏನು ಬೇಕೋ ಅಷ್ಟೇ. ನನಗೆ ದಂಡು ಸ್ಟೇಷನ್ನಿಗಿಂತ ಇದೇ ಹಿಡಿಸಿತು.

ಇಂಥ ಕಟ್ಟಡಗಳ ದುರಸ್ತಿ ನಾಜೂಕಿನ ಕೆಲಸ. ಹಳೇ ಸುಣ್ಣದ ಗಾರೆ ನೀರು ಹೀರಿಕೊಂಡರೂ ಬಿಸಿಲು ಬಂದಾಗ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತೆ. ಊರಲ್ಲಿ ತಾತನ ಮನೆಗೆ ನಾವು ಮಾಡಿದ ತಪ್ಪೂ ಅದೇ: 'ಗಟ್ಟಿಯಾಗಲಿ' ಅಂತ ಸಿಮೆಂಟು ಬಳಿಸಿದ್ವಿ, ಎರಡು ಮಳೆಗಾಲ ಕಳೆಯೋದ್ರೊಳಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಆಫೀಸಲ್ಲಿ ಹಳೇ ಕೋಡ್ ಮುಟ್ಟೋ ಮುಂಚೆ ಹತ್ತು ಸಲ ಓದ್ತೀನಿ. ಮನೆ ವಿಷಯದಲ್ಲಿ ಯಾಕೆ ಆ ಬುದ್ಧಿ ಬರಲಿಲ್ಲವೋ! ಆ ಮನೆ ಈಗಿಲ್ಲ.

ಗೋಡೆ ಸರಿಮಾಡಿದರೆ ಸಾಲದು, ಒಳಗೆ ಜನ ಓಡಾಡಬೇಕು. ಇದೇ ಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಶುರುವಾಯ್ತು. ರೈಲಂತೂ ಇದೆ. ಈ ಹಳೇ ಕಟ್ಟಡಗಳಲ್ಲಿ ಒಂದು ಕಾಫಿ ಅಂಗಡಿಯೋ ಊರಿನ ಮಕ್ಕಳಿಗೆ ಓದುವ ಕೋಣೆಯೋ ನಡೆದರೆ ಹೆಂಚು ಜಾರಿದ್ದು ಯಾರ ಕಣ್ಣಿಗಾದರೂ ಬೀಳುತ್ತೆ.

ಅಪ್ಪ ಗೋಡೆ ಮೇಲೆ ಕೈಯಾಡಿಸ್ತಾ ಸುಮಾರು ಹೊತ್ತು ನಿಂತಿದ್ದರು. "ಮುಂದಿನ ಸಲ ರೈಲಲ್ಲೇ ಬರೋಣ್ವೇನೋ?"

"ಸೂರ್ಯೋದಯ ತಪ್ಪಿಹೋಗುತ್ತಪ್ಪ" ಅಂದೆ. ಆದರೂ ಫೋನಲ್ಲಿ ಟೈಮ್‌ಟೇಬಲ್ ತೆಗೆದೆ.