ಓಟಗಾರನ ಪಾನಕ

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಹುಡುಗನೊಬ್ಬ 21 ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದ. ಮಂಡ್ಯದ ಕಡೆಯವನು, ಮನೆಯಲ್ಲಿ ಕಬ್ಬಿನ ಗದ್ದೆಯೂ ಉಂಟು, ಆಲೆಮನೆಯೂ ಉಂಟು. ಅವನ ಜೊತೆಗೆ ಹೋಗುವ ಹೊಣೆ ಹೇಗೋ ನನ್ನ ತಲೆಗೆ ಬಂದಿತು. ಹಳಗನ್ನಡ ಪಾಠ ಹೇಳುವವನಿಗೂ ಓಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಕೇಳಿದೆ, ಉತ್ತರ ಸಿಕ್ಕಲಿಲ್ಲ. ಆದರೆ ಹೊಣೆ ಹೊತ್ತ ಮೇಲೆ ಉಪದೇಶ ಮಾಡದಿರುವುದುಂಟೆ? “ದಾರಿಯಲ್ಲಿ ಸೋತುಹೋದರೆ ಕಬ್ಬಿನ ಹಾಲು ಕುಡಿಯಪ್ಪ, ಅದಕ್ಕಿಂತ ಬಲ ಕೊಡುವುದು ಯಾವುದಿದೆ?” ಎಂದೆ.

ಓಟದ ದಿನ 14ನೆಯ ಕಿಲೋಮೀಟರಿನ ಕಲ್ಲಿನ ಬಳಿ ಎರಡು ದೊಡ್ಡ ಲೋಟಗಳಲ್ಲಿ ಕಬ್ಬಿನ ಹಾಲು ಹಿಡಿದು ನಿಂತಿದ್ದೆ. ಹುಡುಗ ಬಂದ, ಮುಖ ಬಿಳಿಚಿಕೊಂಡಿತ್ತು. ಎರಡನ್ನೂ ಗಟಗಟನೆ ಕುಡಿದು ಮುಂದಕ್ಕೋಡಿದ. ಹತ್ತು ನಿಮಿಷ ಕಳೆದಿರಲಿಲ್ಲ, ರಸ್ತೆಯ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಾನೆಂಬ ಸುದ್ದಿ ಬಂತು. ಹೋಗಿ ನೋಡುವಷ್ಟರಲ್ಲಿ ಕುಡಿದದ್ದೆಲ್ಲ ವಾಂತಿಯಾಗಿತ್ತು. ಐದು ತಿಂಗಳ ಅಭ್ಯಾಸ ಅಲ್ಲಿಗೆ ಮುಗಿಯಿತು. ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಮೌನದ ಫಲವಾಗಿ ನಾನು ಹಲವು ದಿನ ನನ್ನ ವಿಷಯವಲ್ಲದ ಪುಸ್ತಕಗಳನ್ನು ಓದಿದೆ. ನನ್ನ ಉಪದೇಶ ಅರ್ಧ ಸರಿ, ಅರ್ಧ ತಪ್ಪು ಎಂಬುದು ಆಗ ತಿಳಿಯಿತು.

ಓಡುವವನಿಗೆ ಏನು ಕೊಡಬೇಕೆಂಬುದು ಹಿಂದಿನವರಿಗೂ ಸುಲಭವಾಗಿ ತಿಳಿದ ಸಂಗತಿಯಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಓಟದಲ್ಲಿ ಗೆದ್ದ ಥಾಮಸ್ ಹಿಕ್ಸ್‌ನಿಗೆ, ಅವನು ನೀರು ಬೇಡಿದಾಗ, ಜೊತೆಯವರು ಬಾಯಿಯನ್ನು ಮಾತ್ರ ಒದ್ದೆ ಮಾಡಿದರು. ಆಮೇಲೆ ಕೊಟ್ಟದ್ದು ಕೋಳಿಮೊಟ್ಟೆಯ ಬಿಳಿಭಾಗ, ಬ್ರಾಂದಿ, ಸಾಲದುದಕ್ಕೆ ಸ್ಟ್ರಿಕ್ನಿನ್ ಎಂಬ ವಿಷ! ಗೆದ್ದವನು ಬದುಕಿ ಉಳಿದದ್ದೇ ದೊಡ್ಡದು. ನಾನು ಕೊಟ್ಟದ್ದು ಕಬ್ಬಿನ ಹಾಲಲ್ಲವೆ ಎಂದು ಇದನ್ನೋದಿದಾಗ ಸ್ವಲ್ಪ ಸಮಾಧಾನವಾಯಿತು.

ಸಕ್ಕರೆಯ ಮಹಿಮೆ ಬೆಳಕಿಗೆ ಬಂದದ್ದು ಇಪ್ಪತ್ತು ವರ್ಷಗಳ ಅನಂತರ, ಬಾಸ್ಟನ್ ನಗರದಲ್ಲಿ. 1924ರ ಮ್ಯಾರಥಾನ್ ಮುಗಿದೊಡನೆ ಲೆವಿನ್ ಮತ್ತು ಅವರ ಸಂಗಡಿಗ ವೈದ್ಯರು ಕೆಲವು ಓಟಗಾರರ ರಕ್ತ ತೆಗೆದು ಪರೀಕ್ಷಿಸಿದರು. ಕುಸಿದು ಬಂದವರ ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಇನ್ಸುಲಿನ್ ಔಷಧ ಆಗ ಹೊಸದು. ಅದರ ಪ್ರಮಾಣ ಮೀರಿದ ರೋಗಿಗಳಲ್ಲಿ ಕಾಣುವ ನಡುಕ, ಬಿಳಿಚುವಿಕೆ, ಬುದ್ಧಿಯ ಮಂಕು ಇವರಲ್ಲಿಯೂ ಕಂಡುಬಂದವು. ಮರುವರ್ಷ ವೈದ್ಯರು ಓಟಗಾರರಿಗೆ ಹಿಂದಿನ ದಿನ ಪಿಷ್ಟದ ಆಹಾರ ಹೆಚ್ಚಾಗಿ ಉಣ್ಣಿಸಿ, ಓಡುವಾಗ ಮಿಠಾಯಿ ತಿನ್ನಿಸಿದರು. ಈ ಸಲ ರಕ್ತದ ಸಕ್ಕರೆ ಇಳಿಯಲಿಲ್ಲ. ಓಟಗಾರರೂ ಗಟ್ಟಿಯಾಗಿಯೇ ಗುರಿ ಮುಟ್ಟಿದರು. ಔಷಧದ ಅಂಗಡಿಯಲ್ಲಿ ಹುಡುಕಿದ್ದು ಮಿಠಾಯಿ ಅಂಗಡಿಯಲ್ಲಿತ್ತು!

ಇದರ ಗುಟ್ಟು ಇಷ್ಟೆ. ನಾವು ಉಂಡ ಅನ್ನ, ರಾಗಿ, ಬೆಲ್ಲದ ಒಂದು ಭಾಗವನ್ನು ದೇಹವು ಗ್ಲೈಕೊಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳ ಕಣಜದಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಕೊಬ್ಬು ಬೇಕಾದಷ್ಟಿದ್ದರೂ ಅದು ಹಸಿ ಸೌದೆಯಂತೆ, ನಿಧಾನವಾಗಿ ಉರಿಯುತ್ತದೆ. ಬಿರುಸಾಗಿ ಓಡುವವನ ಕಣಜ ಒಂದೂವರೆ ಎರಡು ಗಂಟೆಗಳಲ್ಲಿ ಬರಿದಾಗತೊಡಗುತ್ತದೆ. ಆದುದರಿಂದ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಹೊರಗಿನಿಂದ ಬಂದರೆ ಅವನ ಓಟ ಉಳಿಯುತ್ತದೆ. ಮುಕ್ಕಾಲು ಗಂಟೆಯೊಳಗೆ ಮುಗಿಯುವ ಓಟಕ್ಕೆ ಬರಿಯ ನೀರೇ ಸಾಕು. ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವ ನನ್ನಂಥವರಿಗೆ ಈ ಪಾನಕದ ನೆವ ಬೇಡ. ಸಿಹಿಮೂತ್ರದವರಂತೂ ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು.

ಹಾಗಾದರೆ ಹುಡುಗನಿಗೆ ವಾಂತಿಯಾದದ್ದೇಕೆ? 100 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ. ಒಳ್ಳೆಯ ಕಬ್ಬಾದರೆ ಇನ್ನೂ ಹೆಚ್ಚು. ಓಡುವವನ ಹೊಟ್ಟೆ ಸಲೀಸಾಗಿ ತಾಳುವುದು 6ರಿಂದ 8 ಗ್ರಾಂ ಮಾತ್ರ. ಅದಕ್ಕಿಂತ ಗಟ್ಟಿಯಾದ ರಸ ಜಠರದಲ್ಲಿಯೇ ತಂಗುತ್ತದೆ. ಕರುಳಿಗೆ ಇಳಿದರೆ ರಕ್ತದಿಂದಲೇ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿಯುವುದರಿಂದ ಕರುಳಿಗೆ ಅದರ ಪಾಲೇ ಕಡಿಮೆ. ಅಂಥ ಹೊತ್ತಿನಲ್ಲಿ ನಾನು ಎರಡು ಲೋಟ ಸುರಿಸಿದ್ದೆ. ಅದೂ ಅವನು ಬಿಳಿಚಿಕೊಂಡ ಮೇಲೆ! ಕೊಡಬೇಕಾದದ್ದು ಸೋಲುವ ಮೊದಲು, ಗುಟುಕು ಗುಟುಕಾಗಿ.

ಆದರೆ ಕಬ್ಬಿನ ಸಕ್ಕರೆಗೆ ಒಂದು ವಿಶೇಷ ಗುಣವುಂಟು. ಅದರಲ್ಲಿ ದ್ರಾಕ್ಷಿ ಸಕ್ಕರೆ, ಹಣ್ಣಿನ ಸಕ್ಕರೆ ಎರಡೂ ಜೋಡಿಯಾಗಿವೆ. ಕರುಳಿನ ಗೋಡೆಯಲ್ಲಿ ಇವೆರಡಕ್ಕೂ ಬೇರೆಬೇರೆ ಬಾಗಿಲುಗಳು. ದ್ರಾಕ್ಷಿ ಸಕ್ಕರೆಯೊಂದೇ ಆದರೆ ಗಂಟೆಗೆ 60 ಗ್ರಾಂ ಮೀರಿ ಒಳಸೇರುವುದು ಕಷ್ಟ. ಎರಡೂ ಸೇರಿದರೆ ಪಳಗಿದ ಓಟಗಾರರು 90 ಗ್ರಾಂವರೆಗೂ ಬಳಸಬಲ್ಲರು. ಇನ್ನೊಂದು ಸೋಜಿಗ: ದ್ರಾಕ್ಷಿ ಸಕ್ಕರೆಯ ಬಾಗಿಲು ಉಪ್ಪಿನ ಸೋಡಿಯಂ ಜೊತೆಗಿದ್ದರೇ ತೆರೆಯುತ್ತದೆ, ನೀರೂ ಹಿಂದೆಯೇ ನುಗ್ಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಇದನ್ನು ಪ್ರತಿಪಾದಿಸಿದರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸರು ಈ ತತ್ತ್ವವನ್ನೇ ಹಿಡಿದು, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಇಷ್ಟು ತಿಳಿದ ಮೇಲೆ ರಾಮನವಮಿಯ ಪಾನಕ ನೆನಪಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಬೆಲ್ಲ, ನೀರು, ನಿಂಬೆಯ ಹುಳಿ; ಕೊರತೆ ಉಪ್ಪಿನದು ಮಾತ್ರ. ಒಂದು ಲೀಟರ್ ನೀರಿಗೆ 70 ಗ್ರಾಂ ಬೆಲ್ಲ, ಚಹದ ಚಮಚದ ಕಾಲುಭಾಗ ಉಪ್ಪು, ಅರ್ಧ ನಿಂಬೆಹಣ್ಣು: ಇದು ನಾವು ಹಾಕಿಕೊಂಡ ಲೆಕ್ಕ. ಬೆಲ್ಲದಲ್ಲಿ ಕಬ್ಬಿಣವಿದೆ, ಸತ್ತ್ವವಿದೆ ಎನ್ನುವ ಅಭಿಮಾನಿಗಳು ಕ್ಷಮಿಸಬೇಕು. ಓಡುವವನ ಕಾಲಿಗೆ ಬೆಲ್ಲವೂ ಸಕ್ಕರೆಯೂ ಒಂದೇ. ಎಳನೀರು ಬಾಯಾರಿಕೆಗೆ ಉತ್ತಮವಾದರೂ ಅದರಲ್ಲಿ ಸಕ್ಕರೆ 100 ಮಿಲಿಲೀಟರಿಗೆ 5 ಗ್ರಾಂ ಮೀರುವುದು ಅಪರೂಪ. ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋದ ಸೋಡಿಯಂ ಮಾತ್ರ ಕಡಿಮೆ.

ಹುಡುಗ ಮೂರು ತಿಂಗಳು ಈ ಪಾನಕ ಕುಡಿದೇ ಓಡಿ ಅಭ್ಯಾಸ ಮಾಡಿದ. ಹೊಟ್ಟೆಗೂ ತಾಲೀಮು ಬೇಕೆಂಬುದನ್ನು ಹೇಳಿಕೊಟ್ಟವನು ಅವನೇ. ಮರುವರ್ಷದ ಓಟದಲ್ಲಿ ಐದನೆಯ ಕಿಲೋಮೀಟರಿನಿಂದಲೇ ನಾಲ್ಕು ಗುಟುಕು, ಮತ್ತೆ ನಾಲ್ಕು ಗುಟುಕು. 14ನೆಯ ಕಲ್ಲಿನ ಬಳಿ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಬಂದ, ಲೋಟ ಇಸಕೊಂಡ, ಎರಡು ಗುಟುಕು ಕುಡಿದು ಮಿಕ್ಕದ್ದನ್ನು ತಲೆಯ ಮೇಲೆ ಸುರಿದುಕೊಂಡ. “ಅಯ್ಯೋ, ಅದು ಪಾನಕ ಕಣೋ!” ಎಂದು ಕೂಗಿದೆ. ನಗುತ್ತ ಓಡಿಬಿಟ್ಟ. ಗೆಲ್ಲಲಿಲ್ಲ, ಆದರೆ ಓಟ ಮುಗಿಸಿದ, ಕೊನೆಯವರೆಗೂ ಒಂದೇ ಹೆಜ್ಜೆಯಲ್ಲಿ.

ಆ ದಿನ ಅವನ ತಾಯಿಯೂ ಬಂದಿದ್ದರು. ಉಳಿದ ಪಾನಕವನ್ನು ಅಂಗೈಗೆ ಹಾಕಿಸಿಕೊಂಡು ರುಚಿ ನೋಡಿ ಮುಖ ಸಿಂಡರಿಸಿದರು.

“ಅಲ್ಲಾ ಮೇಷ್ಟ್ರೇ, ನಮ್ಮನೇಲಿ ಬೆಲ್ಲಕ್ಕೇನ್ ಬರವಾ? ಇದ್ಯಾಕಿಷ್ಟು ಸಪ್ಪೆ?”